ಒಂದೇ ಚಾಳಿನಲ್ಲಿ ಅರವತ್ತು ಸಂಸಾರ

ಮೊನ್ನೆ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಂಪ್ಯೂಟರ್ ಮುಂದೆ ಕೂತಿದ್ದೆ. ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿ "ಓ, ಇವತ್ತು ತಿಂಗಳ ಮೊದಲ ಭಾನುವಾರ ಅಲ್ವಾ... ಸರಿ, ನಿಮ್ಮ ಪೂಜೆ ಮುಗಿಯಲಿ, ಆಮೇಲೆ ದೋಸೆ ಹೊಯ್ತೇನೆ" ಅಂದಳು. ನಮ್ಮ ಮನೆಯಲ್ಲಿ ಇದಕ್ಕೆ ಪೂಜೆ ಅಂತಲೇ ಹೆಸರು. ಗಂಟೆ ಇಲ್ಲ, ಆರತಿ ಇಲ್ಲ. ನನ್ನ ಸರ್ವರಿನ ಬ್ಯಾಕಪ್ ತೆಗೆದು, ಅದನ್ನು ಬೇರೆ ಮೆಷಿನ್ನಿನಲ್ಲಿ ಬಿಚ್ಚಿ, ಒಂದೊಂದೇ ಸೈಟು ನಿಜವಾಗಿ ತೆರೆಯುತ್ತದೋ ಇಲ್ಲವೋ ಅಂತ ನೋಡುವುದು. ಅಷ್ಟೆ. ವರ್ಷಕ್ಕೆ ಹನ್ನೆರಡು ಸಲ, ತಪ್ಪಿಸಿದ್ದಿಲ್ಲ.

ಈ ಪೂಜೆ ಯಾಕೆ ಶುರುವಾಯಿತು ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕತೆ ಕೊಂಚ ಉದ್ದ, ಬೇಸರ ಮಾಡಿಕೊಳ್ಳಬೇಡಿ.

ನಾನು ಊರು ಬಿಟ್ಟು ಮುಂಬಯಿಗೆ ಬಂದದ್ದು 1991ರಲ್ಲಿ. ಮೊದಲ ಮೂರು ವರ್ಷ ಲೋವರ್ ಪರೇಲಿನ ಒಂದು ಚಾಳಿನಲ್ಲಿ, ಚಿಕ್ಕಪ್ಪನ ಖೋಲಿಯಲ್ಲಿದ್ದೆ. ಹತ್ತು-ಹನ್ನೆರಡು ಅಡಿಯ ಒಂದು ಖೋಲಿ, ಅದರಲ್ಲಿ ನಾವು ಆರು ಜನ. ಇಡೀ ಮಹಡಿಗೆ ಒಂದು ನಲ್ಲಿ. ಬೆಳಗಿನ ಜಾವ ನಾಲ್ಕಕ್ಕೆ ನೀರು ಬರುತ್ತಿತ್ತು, ಆರಕ್ಕೆ ನಿಲ್ಲುತ್ತಿತ್ತು. ಶೌಚಾಲಯ ವರಾಂಡದ ಆ ತುದಿಯಲ್ಲಿ. ಒಂದು ಮನೆಯಲ್ಲಿ ಮೀನು ಹುರಿದರೆ ಎಲ್ಲ ಮನೆಗೂ ಪರಿಮಳ. ಒಂದು ಮನೆಯಲ್ಲಿ ಜಗಳವಾದರೆ ಎಲ್ಲರಿಗೂ ಮನರಂಜನೆ! ಇಡೀ ಚಾಳಿಗೆ ವಿಳಾಸ ಒಂದೇ. ಪೋಸ್ಟ್‌ಮನ್ ಕೆಳಗೆ ನಿಂತು ಹೆಸರು ಕೂಗುತ್ತಿದ್ದ, ಆ ಹೆಸರಿನವರು ಇಳಿದು ಹೋಗಿ ಕಾಗದ ತರಬೇಕು. ಹೆಸರು ಸರಿಯಾಗಿ ಇಲ್ಲದ ಕಾಗದ ಬಂದರೆ ಒಂದನೇ ನಂಬರ್ ಖೋಲಿಯ ಅಜ್ಜಿಯ ಬಾಗಿಲಿಗೆ ಹಾಕಿ ಹೋಗುತ್ತಿದ್ದ. ಎಷ್ಟೋ ಜನರ ಮನಿಆರ್ಡರ್ ರಸೀದಿಗಳು ಆ ಅಜ್ಜಿಯ ದಿಂಬಿನ ಕೆಳಗೆ ಸಿಗುತ್ತಿದ್ದವು.

ಹನ್ನೆರಡು ವರ್ಷದ ಮೇಲೆ ನಾನೇ ಇಂಥ ಒಂದು ಚಾಳಿನ ಮಾಲೀಕನಾಗುತ್ತೇನೆ ಅಂತ ಆಗ ಕನಸಿನಲ್ಲೂ ಅಂದುಕೊಂಡಿರಲಿಲ್ಲ.

2003ರಲ್ಲಿ ಕೆಲಸದ ಜೊತೆಗೇ ವೆಬ್‌ಸೈಟ್ ಮಾಡಿಕೊಡುವ ಸಣ್ಣ ದಂಧೆ ಶುರು ಮಾಡಿದೆ. ಡೊಂಬಿವಲಿಯ ನಮ್ಮ ಮನೆಯ ಒಂದು ಮೂಲೆಯೇ ಆಫೀಸು. ಮೊದಲ ಗಿರಾಕಿ ಪರಿಚಯದ ಒಂದು ಉಡುಪಿ ಹೋಟೆಲಿನವರು. ನಂತರ ಒಬ್ಬ ಹಲ್ಲಿನ ಡಾಕ್ಟರು, ಪಂಪು ಮೋಟರು ಮಾರುವ ಗುಜರಾತಿ ಸೇಠ್, ಸೀರೆ ಅಂಗಡಿ, ಕ್ಯಾಟರಿಂಗಿನವರು, ಒಂದು ಕೋಚಿಂಗ್ ಕ್ಲಾಸು, ಒಂದೆರಡು ಕನ್ನಡ ಸಂಘಗಳು, ಯಕ್ಷಗಾನದ ಹವ್ಯಾಸಿ ತಂಡ... ಹೀಗೆ ಬಾಯಿಂದ ಬಾಯಿಗೆ ಬೆಳೆಯಿತು. ಅಮೆರಿಕದ ಟೆಕ್ಸಾಸಿನಲ್ಲಿ ಒಂದು ಸರ್ವರ್ ಬಾಡಿಗೆಗೆ ಹಿಡಿದೆ. ತಿಂಗಳಿಗೆ ನೂರು ಡಾಲರ್. ಆಗಿನ ಲೆಕ್ಕದಲ್ಲಿ ವರ್ಷಕ್ಕೆ ಐವತ್ನಾಲ್ಕು ಸಾವಿರ ರೂಪಾಯಿ ಅಂದುಕೊಳ್ಳಿ. ಗಿರಾಕಿಗಳಿಂದ ತೆಗೆದುಕೊಳ್ಳುತ್ತಿದ್ದುದು ವರ್ಷಕ್ಕೆ 2,500. 2008ರ ಹೊತ್ತಿಗೆ ಆ ಒಂದೇ ಮೆಷಿನ್ನಿನಲ್ಲಿ ಅರವತ್ತು ಸೈಟುಗಳಿದ್ದವು. ಲೆಕ್ಕ ನೀವೇ ಹಾಕಿ. ಚಾಳಿನ ಮಾಲೀಕರು ಯಾಕೆ ಇನ್ನೊಂದು ಮಹಡಿ ಏರಿಸುತ್ತಾರೆ ಅಂತ ನನಗೆ ಆಗ ಅರ್ಥವಾಯಿತು.

ಒಂದು ಮೆಷಿನ್ನಿನಲ್ಲಿ ಅರವತ್ತು ಸೈಟು ಹೇಗೆ ಅಂತ ಗಿರಾಕಿಗಳು ಕೇಳುತ್ತಿದ್ದರು. ಅವರಿಗೆ ನಾನು ಚಾಳಿನ ಪೋಸ್ಟ್‌ಮನ್ ಕತೆಯನ್ನೇ ಹೇಳುತ್ತಿದ್ದೆ. ಸರ್ವರಿಗೆ ಐಪಿ ಅಡ್ರೆಸ್ಸು ಒಂದೇ. ನಿಮ್ಮ ಬ್ರೌಸರ್ ಆ ವಿಳಾಸಕ್ಕೆ ಬಂದು ಬಾಗಿಲು ತಟ್ಟುವಾಗ "ನನಗೆ ಇಂಥ ಹೆಸರಿನ ಸೈಟು ಬೇಕು" ಅಂತ ಹೆಸರನ್ನೂ ಹೇಳುತ್ತದೆ. ಒಳಗೆ ಕೂತ ಅಪಾಚೆ ಎಂಬ ತಂತ್ರಾಂಶ ತನ್ನ ಪಟ್ಟಿ ನೋಡಿ ಆ ಹೆಸರಿನವರ ಫೋಲ್ಡರಿನಿಂದ ಪುಟ ತೆಗೆದು ಕೊಡುತ್ತದೆ. ಹೀಗೆ ಹೆಸರು ಹೇಳಲೇಬೇಕು ಅಂತ ನಿಯಮವಾದದ್ದು ಎಚ್‌ಟಿಟಿಪಿಯ 1.1ನೇ ಆವೃತ್ತಿಯಲ್ಲಿ, 1997ರಲ್ಲಿ. ಅದಕ್ಕೂ ಮುಂಚಿನ ಆವೃತ್ತಿಯಲ್ಲಿ ಹೆಸರು ಹೇಳುವ ಕಡ್ಡಾಯ ಇರಲಿಲ್ಲ, ಹಾಗಾಗಿ ಸೈಟಿಗೊಂದು ಐಪಿ ಬೇಕಾಗುತ್ತಿತ್ತು. ಆ ಒಂದು ಸಾಲಿನ ನಿಯಮ ಬರದಿದ್ದರೆ ನನ್ನಂಥ ಬಡಪಾಯಿಗಳ ಚಾಳು ಏಳುತ್ತಲೇ ಇರಲಿಲ್ಲ.

ಇನ್ನು ಪಟ್ಟಿಯಲ್ಲಿ ಇಲ್ಲದ ಹೆಸರು ಬಂದರೆ? ಆಗ ಅಪಾಚೆ ಪಟ್ಟಿಯಲ್ಲಿ ಮೊದಲಿಗಿರುವ ಸೈಟನ್ನೇ ತೋರಿಸಿಬಿಡುತ್ತದೆ. ಥೇಟ್ ಒಂದನೇ ಖೋಲಿಯ ಅಜ್ಜಿ! ಒಂದು ಸಲ ಡಾಕ್ಟರ ಸೈಟಿನ ನಮೂದನ್ನು ಅವಸರದಲ್ಲಿ ಅಳಿಸಿಬಿಟ್ಟಿದ್ದೆ. ಪಟ್ಟಿಯಲ್ಲಿ ಮೊದಲನೆಯದು ಹೋಟೆಲಿನ ಸೈಟು. ಬೆಳಿಗ್ಗೆ ಡಾಕ್ಟರ ಫೋನು: "ಅರೆ ಭಾಯಿ, ನನ್ನ ಹೆಸರು ಹೊಡೆದರೆ ಮಸಾಲೆ ದೋಸೆ ಬರ್ತಾ ಇದೆ! ಪೇಶೆಂಟುಗಳು ನಗ್ತಿದಾರೆ." ಐದು ನಿಮಿಷದಲ್ಲಿ ಸರಿ ಮಾಡಿದೆ. ಆದರೆ ಆಮೇಲೆ ಹಲ್ಲು ತೋರಿಸಲು ಹೋದಾಗಲೆಲ್ಲ ಅವರು "ಇವತ್ತು ಚಟ್ನಿ ಇದೆಯಾ?" ಅಂತ ಕೇಳುವುದನ್ನು ಬಿಡಲಿಲ್ಲ.

ಆನ್‌ಲೈನಿನಲ್ಲಿ ಸೀರೆ ಮಾರುತ್ತೇನೆ ಅಂತ ಸೀರೆ ಅಂಗಡಿಯವರು ಹೊರಟಾಗ ಇನ್ನೊಂದು ತಲೆನೋವು. ಬೀಗದ ಚಿತ್ರ ಬರುವ ಸುರಕ್ಷಿತ ಸೈಟು ಬೇಕಾದರೆ ಆಗ ಅವರಿಗೆ ಪ್ರತ್ಯೇಕ ಐಪಿ ಕೊಡಬೇಕಿತ್ತು. ಯಾಕೆಂದರೆ ಗುಟ್ಟಿನ ಮಾತಿಗೆ ಮುಂಚೆ ಸರ್ವರ್ ತನ್ನ ಸರ್ಟಿಫಿಕೇಟ್ ತೋರಿಸಬೇಕು, ಬ್ರೌಸರ್ ಹೆಸರು ಹೇಳುವುದು ಅದರ ನಂತರ. ಯಾರ ಸರ್ಟಿಫಿಕೇಟ್ ತೋರಿಸಬೇಕು ಅಂತ ಪಾಪ ಸರ್ವರಿಗೆ ಹೇಗೆ ಗೊತ್ತಾಗಬೇಕು? ಹೆಸರನ್ನು ಮೊದಲೇ ಹೇಳುವ ಏರ್ಪಾಡು 2003ರಲ್ಲೇ ಕಾಗದದ ಮೇಲೆ ಬಂದಿದ್ದರೂ ವಿಂಡೋಸ್ ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಅದು ಕೊನೆವರೆಗೂ ತಿಳಿಯಲಿಲ್ಲ. ನಮ್ಮ ಗಿರಾಕಿಗಳ ಗಿರಾಕಿಗಳೆಲ್ಲ ಅದನ್ನೇ ಬಳಸುವವರು. 2015ರ ಕೊನೆಯಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಪುಕ್ಕಟೆ ಸರ್ಟಿಫಿಕೇಟ್ ಕೊಡಲು ಶುರು ಮಾಡಿದ ಮೇಲೆ ಈ ರಗಳೆ ಮುಗಿಯಿತು. ಈಗ ಚಾಳಿನ ಪ್ರತಿ ಖೋಲಿಗೂ ಅದರದ್ದೇ ಬೀಗ.

ಚಾಳು ಅಂದಮೇಲೆ ನೆರೆಹೊರೆಯ ಕಾಟ ಇಲ್ಲದೆ ಇರುತ್ತದೆಯೇ? ಕೋಚಿಂಗ್ ಕ್ಲಾಸಿನವರು ಫಲಿತಾಂಶ ಹಾಕಿದ ದಿನ ಮಕ್ಕಳೆಲ್ಲ ಒಟ್ಟಿಗೇ ಮುಗಿಬಿದ್ದು ಉಳಿದ ಐವತ್ತೊಂಬತ್ತು ಸೈಟುಗಳು ಏದುಸಿರು ಬಿಟ್ಟವು. ಪಂಪಿನ ಸೇಠ್ ಒಮ್ಮೆ ಎಲ್ಲಿಂದಲೋ ಇಪ್ಪತ್ತು ಸಾವಿರ ಇಮೇಲ್ ವಿಳಾಸ ಕೊಂಡು ತಂದು ದೀಪಾವಳಿ ಶುಭಾಶಯ ಕಳಿಸಿದರು. ಮರುದಿನ ನಮ್ಮ ಐಪಿ ಕಪ್ಪುಪಟ್ಟಿಗೆ ಸೇರಿತ್ತು. ಕಳಿಸಿದವರು ಸೇಠ್, ವಾಪಸ್ ಬಂದದ್ದು ಡಾಕ್ಟರ ಮೇಲು, ಸಂಘದವರ ಮೇಲು, ಎಲ್ಲರದ್ದೂ. ಒಂದೇ ನಲ್ಲಿಯ ನೀರು ತಾನೆ!

ಇಷ್ಟೆಲ್ಲ ನಗುತ್ತ ಹೇಳಬಹುದು. ಇನ್ನು ಹೇಳುವುದು ಅಷ್ಟು ಸುಲಭವಲ್ಲ.

ನಮ್ಮ ಸರ್ವರಿನಲ್ಲಿ ಒಬ್ಬರು ಮಾಸ್ಟ್ರ ಸೈಟಿತ್ತು. ಹಳೆ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ನಿಮಗೆ ಗೊತ್ತಿರಬಹುದು. ಊರಿಂದ ಓಡಿಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಟೇಬಲ್ ಒರೆಸಿ, ಲೋಟ ತೊಳೆದು, ರಾತ್ರಿ ಆ ಶಾಲೆಗಳಲ್ಲಿ ಓದಿ ಮೆಟ್ರಿಕ್ ಪಾಸಾದರು. ಅವರಲ್ಲಿ ಬ್ಯಾಂಕ್ ಸೇರಿದವರು, ವಕೀಲರಾದವರು, ಸ್ವಂತ ಹೋಟೆಲು ಇಟ್ಟವರು ಎಷ್ಟೋ ಜನ. ನಮ್ಮ ಮಾಸ್ಟ್ರು ಹಗಲು ಒಂದು ಕಚೇರಿಯಲ್ಲಿ ಗುಮಾಸ್ತ, ರಾತ್ರಿ ಅಂಥ ಒಂದು ಶಾಲೆಯಲ್ಲಿ ಮಾಸ್ಟ್ರು. ಶಾಲೆ ಮುಚ್ಚಿ ವರ್ಷಗಳಾದ ಮೇಲೆ, ನಿವೃತ್ತರಾಗಿ, ಹಳೆ ವಿದ್ಯಾರ್ಥಿಗಳ ಮನೆ ಮನೆ ಅಲೆದು ಫೋಟೋ ಬೇಡಿ ತಂದು ಸ್ಕ್ಯಾನ್ ಮಾಡಿಸಿದರು. ಒಟ್ಟು 214 ಫೋಟೋ. ಪ್ರತಿಯೊಂದಕ್ಕೂ ಕೆಳಗೆ ಹೆಸರುಗಳು, ಇಸವಿ, ಯಾವ ಹೋಟೆಲಿನಲ್ಲಿ ಕೆಲಸ ಅಂತ ವಿವರ. 2004ರಲ್ಲಿ ಸಿ.ಡಿ. ತಂದುಕೊಟ್ಟರು. ನಾನು ಏರಿಸಿ ಸಿ.ಡಿ. ವಾಪಸ್ ಕೊಟ್ಟೆ. ದುಡ್ಡು ಬೇಡ ಅಂದರೂ ಕೇಳದೆ ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ 2,500ರ ಚೆಕ್ ಕಳಿಸುತ್ತಿದ್ದರು.

2005ರ ಜುಲೈ 26. ಮುಂಬಯಿಯವರಿಗೆ ಆ ತಾರೀಕು ವಿವರಿಸಬೇಕಾಗಿಲ್ಲ. ಸಾಂತಾಕ್ರೂಜಿನಲ್ಲಿ ಒಂದು ದಿನದಲ್ಲಿ 944 ಮಿಲಿಮೀಟರ್ ಮಳೆ. ಮಾಸ್ಟ್ರ ಮನೆ ಕಲೀನಾದಲ್ಲಿ, ನೆಲಮಾಳಿಗೆ. ಎದೆಮಟ್ಟ ನೀರು ಬಂತು. ಅವರೂ ಅಮ್ಮನೂ ಎರಡು ರಾತ್ರಿ ಮೇಲಿನ ಮನೆಯವರ ಅಡುಗೆಕೋಣೆಯಲ್ಲಿ ಕೂತು ಕಳೆದರು. ಕಂಪ್ಯೂಟರ್, ಆಲ್ಬಂ, ಸಿ.ಡಿ. ಎಲ್ಲ ಕೆಸರಾಯಿತು. ವಾರದ ಮೇಲೆ ನಾನು ನೋಡಲು ಹೋದಾಗ ಒದ್ದೆ ಹಾಸಿಗೆಗಳನ್ನು ರಸ್ತೆಗೆ ಎಸೆಯುತ್ತಿದ್ದರು. ನನ್ನನ್ನು ನೋಡಿ ನಕ್ಕು, "ಹೋಗ್ಲಿ ಮಾರಾಯ, ಫೋಟೋ ಎಲ್ಲ ನಿನ್ನ ಹತ್ರ ಉಂಟಲ್ಲ. ಅಮೆರಿಕಕ್ಕೆ ಮಿಠಿ ನದಿ ನೀರು ಬರ್ಲಿಕ್ಕಿಲ್ಲ" ಅಂದರು.

ಅವತ್ತೇ ಮನೆಗೆ ಬಂದು ಆ ಫೋಟೋಗಳನ್ನು ಇಳಿಸಿ ಒಂದು ಸಿ.ಡಿ. ಬರೆಯಬೇಕಿತ್ತು. ಹತ್ತು ನಿಮಿಷದ ಕೆಲಸ. ನಾಳೆ ಮಾಡಿದರಾಯಿತು ಅಂದುಕೊಂಡೆ. ಆ ನಾಳೆ ಆರು ವರ್ಷ ಬರಲಿಲ್ಲ.

ಬ್ಯಾಕಪ್ ಇರಲಿಲ್ಲ ಅಂತಲ್ಲ. ಪ್ರತಿ ರಾತ್ರಿ ತಾನಾಗಿಯೇ ಆಗುತ್ತಿತ್ತು, ಅದೇ ಸರ್ವರಿನ ಎರಡನೇ ಡಿಸ್ಕಿಗೆ. ಕಪಾಟಿನ ಬೀಗದ ಕೈಯನ್ನು ಅದೇ ಕಪಾಟಿನ ಮೇಲೆ ಇಟ್ಟಂತೆ. ಇನ್ನೊಂದು ಮೂರ್ಖತನವನ್ನೂ ಹೇಳಿಬಿಡುತ್ತೇನೆ. ಲಿನಕ್ಸಿನ ಕರ್ನೆಲ್ ಹೊಸದು ಹಾಕಿದರೆ ಮೆಷಿನ್ ಒಮ್ಮೆ ರೀಬೂಟ್ ಮಾಡಬೇಕಿತ್ತು. ನನ್ನ ಸರ್ವರ್ 412 ದಿನದಿಂದ ಒಂದು ಸಲವೂ ನಿಂತಿಲ್ಲ ಅಂತ ನನಗೆ ಭಾರಿ ಹೆಮ್ಮೆ. ಗೆಳೆಯರಿಗೆ ಆ ಅಂಕಿ ತೋರಿಸಿ ಬೀಗುತ್ತಿದ್ದೆ. 412 ದಿನದಿಂದ ನಾನು ತೂತು ಮುಚ್ಚಿಲ್ಲ ಅನ್ನುವುದೂ ಅದೇ ಅಂಕಿಯ ಅರ್ಥ ಅಂತ ಹೊಳೆಯಲೇ ಇಲ್ಲ.

2011ರ ಸೆಪ್ಟೆಂಬರ್. ಗಣಪತಿ ವಿಸರ್ಜನೆ ಮುಗಿದ ಮರುದಿನ ಬೆಳಿಗ್ಗೆ ಆರು ಗಂಟೆಗೆ ಹೋಟೆಲಿನವರ ಫೋನು, "ಸೈಟು ಎಲ್ಲಿ?" ಅಂತ. ತೆರೆದು ನೋಡಿದರೆ ಕಪ್ಪು ಪುಟ, ಯಾವನದ್ದೋ ಅಡ್ಡಹೆಸರು. ಡಾಕ್ಟರದ್ದೂ ಹಾಗೇ. ಸೇಠ್‌ದೂ ಹಾಗೇ. ಅರವತ್ತೂ.

ಅಳಿಸಲು ಮರೆತು ಬಿಟ್ಟ ಲಾಗ್ ಫೈಲುಗಳಿಂದ ಆಮೇಲೆ ತಿಳಿದದ್ದಿಷ್ಟು. ಕ್ಯಾಟರಿಂಗಿನವರ ಸೈಟಿನಲ್ಲಿ ಚಿತ್ರಗಳನ್ನು ಚಿಕ್ಕದು ಮಾಡುವ ಒಂದು ಹಳೆ ಸ್ಕ್ರಿಪ್ಟ್ ಇತ್ತು. ಅದರ ದೋಷ ಬಳಸಿ ಒಳಗೆ ಬಂದಿದ್ದ. ನನ್ನ ಸರ್ವರಿನಲ್ಲಿ ಎಲ್ಲ ಸೈಟುಗಳ ಪಿಎಚ್‌ಪಿಯೂ ಒಂದೇ ಬಳಕೆದಾರನ ಹೆಸರಿನಲ್ಲಿ ಓಡುತ್ತಿತ್ತು. ಹಾಗಾಗಿ ಒಬ್ಬರ ಮನೆಯಲ್ಲಿ ನಿಂತವನಿಗೆ ಎಲ್ಲರ ಮನೆಯ ಕಿಟಕಿಯೂ ಕಾಣುತ್ತಿತ್ತು. ಅಲ್ಲಿಂದ ಹಳೆ ಕರ್ನೆಲ್ಲಿನ ತೂತು ಹಿಡಿದು ರೂಟ್, ಅಂದರೆ ಮಾಲೀಕನೇ ಆಗಿಬಿಟ್ಟ. ಮಾಲೀಕನಾದವನಿಗೆ ಎರಡನೇ ಡಿಸ್ಕು ಯಾವ ಲೆಕ್ಕ? ಅದರ ತುಂಬ ಸೊನ್ನೆ ಬರೆದು ಹೋಗಿದ್ದ. ಅಳಿಸಿದ್ದನ್ನು ಮರಳಿ ತರುವ ಸಾಧನಗಳನ್ನು ಎರಡು ದಿನ ಓಡಿಸಿ ನೋಡಿದೆ. ಏನೂ ಸಿಗಲಿಲ್ಲ.

ತಪ್ಪು ಕ್ಯಾಟರಿಂಗಿನವರದಾ? ಅವರಿಗೆ ಸ್ಕ್ರಿಪ್ಟ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಅದನ್ನು ಹಾಕಿದವನು ನಾನೇ.

ಹನ್ನೊಂದು ದಿನ ಸರಿಯಾಗಿ ನಿದ್ದೆ ಇಲ್ಲ. ಹೊಸ ಸರ್ವರ್ ತೆಗೆದುಕೊಂಡೆ. ನನ್ನ ಮನೆಯ ಕಂಪ್ಯೂಟರಿನಲ್ಲಿದ್ದ ಹಳೆ ಪ್ರತಿಗಳು, ಗಿರಾಕಿಗಳ ಹತ್ತಿರ ಇದ್ದವು, ಇಂಟರ್ನೆಟ್ ಆರ್ಕೈವ್‌ನವರ ವೇಬ್ಯಾಕ್ ಮೆಷಿನ್ ಕಾಪಿಟ್ಟ ಪುಟಗಳು, ಹೀಗೆ ಎಲ್ಲೆಲ್ಲಿಂದಲೋ ಹೆಕ್ಕಿ ಹೆಕ್ಕಿ ಐವತ್ತೇಳು ಸೈಟು ನಿಲ್ಲಿಸಿದೆ. ಎರಡು ಸೈಟಿನವರು ತಾವೇ ಬೇಡ ಅಂದರು. ಉಳಿದದ್ದು ಮಾಸ್ಟ್ರದ್ದು. ವೇಬ್ಯಾಕ್‌ನಲ್ಲಿ ಅವರ ಬರಹ ಪೂರ್ತಿ ಇತ್ತು, ಪ್ರತಿ ಫೋಟೋದ ಕೆಳಗಿನ ಹೆಸರುಗಳೂ ಇದ್ದವು. ಆದರೆ ಫೋಟೋ? 37 ಸಿಕ್ಕವು, ಅವೂ ಅಂಚೆಚೀಟಿ ಗಾತ್ರದವು.

ಫೋನ್ ಮಾಡಿ ಹೇಳೋಣ ಅಂತ ರಿಸೀವರ್ ಎತ್ತಿದೆ. ಹೆಂಡತಿ ಕೈಯಿಂದ ತೆಗೆದು ಕೆಳಗಿಟ್ಟಳು. "ಫೋನಲ್ಲಿ ಹೇಳುವ ಸುದ್ದಿಯಾ ಇದು? ಹೋಗಿ ಬನ್ನಿ" ಅಂದಳು.

ಡೊಂಬಿವಲಿಯಿಂದ ಕುರ್ಲಾಕ್ಕೆ ಲೋಕಲ್, ಅಲ್ಲಿಂದ ರಿಕ್ಷಾ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ವಾಕ್ಯ ಜೋಡಿಸುತ್ತಿದ್ದೆ. ಹ್ಯಾಕರ್ ಬಂದ, ದೊಡ್ಡ ದೊಡ್ಡ ಕಂಪೆನಿಗಳಿಗೂ ಹೀಗಾಗುತ್ತದೆ, ಡಿಸ್ಕ್ ಹೋಯಿತು... ಎಲ್ಲವೂ ನಿಜವೇ. ಆದರೆ ಯಾವುದೂ ನಿಜವಲ್ಲ ಅಂತ ನನಗೆ ಗೊತ್ತಿತ್ತು. ಮಾಸ್ಟ್ರು ಬಾಗಿಲು ತೆಗೆದರು. ಅಮ್ಮ ಕಾಫಿ ತಂದಿಟ್ಟರು. ಜೋಡಿಸಿದ ವಾಕ್ಯ ಒಂದೂ ಬಾಯಿಗೆ ಬರಲಿಲ್ಲ. "ಮಾಸ್ಟ್ರೇ, ಫೋಟೋ ಹೋದವು. ನಾನು ಇನ್ನೊಂದು ಪ್ರತಿ ಇಡಬೇಕಿತ್ತು, ಇಡಲಿಲ್ಲ" ಅಂದೆ.

ಬಹಳ ಹೊತ್ತು ಮಾತಾಡಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು, ಪುನಃ ಹಾಕಿಕೊಂಡರು, ಪುನಃ ತೆಗೆದರು. ಕೊನೆಗೆ ಕೇಳಿದ್ದು "ಉಳಿದವರದ್ದೆಲ್ಲ ಸಿಕ್ಕಿತಾ?" ಅಂತ.

"ಹೆಚ್ಚುಕಮ್ಮಿ ಎಲ್ಲ ಸಿಕ್ಕಿತು."

"ಹ್ಞೂಂ" ಅಂದರು. ಮತ್ತೆ ಸುಮ್ಮನಾದರು. ಆಮೇಲೆ, "ನನಗೆ ಬೇಜಾರಿಲ್ಲ ಅಂತ ಹೇಳಿದ್ರೆ ಸುಳ್ಳಾಗ್ತದೆ. ಆ ಫೋಟೋ ಕೊಟ್ಟವರಲ್ಲಿ ಅರ್ಧ ಜನ ಈಗ ಇಲ್ಲ" ಅಂದರು. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ಹೊರಡುವಾಗ ಮೆಟ್ಟಿಲವರೆಗೂ ಬಂದರು. "ಹೆಸರುಗಳು ಉಂಟು ಅಂದೆಯಲ್ಲ? ಹಾಗಾದ್ರೆ ಅವನ್ನು ಹಾಕು. ಮೇಲೆ ಖಾಲಿ ಚೌಕ ಬಿಡು. ಹೆಸರು ನೋಡಿ ಯಾರಾದ್ರೂ ಕಳಿಸಿಯಾರು. ಹಾಜರಿ ಕರೆಯುವಾಗ ಹುಡುಗ ಬರ್ಲಿಲ್ಲ ಅಂತ ಪುಸ್ತಕದಿಂದ ಹೆಸರು ಹೊಡೆದು ಹಾಕ್ತಾರಾ?"

ಹಾಗೇ ಮಾಡಿದೆ. ಖಾಲಿ ಬೂದು ಚೌಕ, ಕೆಳಗೆ ಹೆಸರುಗಳು. ಮೊದಲ ವರ್ಷ ಮೂರು ಫೋಟೋ ಬಂದವು. ಆಮೇಲೆ ವಾಟ್ಸಾಪ್ ಬಂದ ಮೇಲೆ ಸ್ವಲ್ಪ ಚುರುಕಾಯಿತು. ದುಬೈಯಿಂದ ಒಬ್ಬರ ಮಗ, ಕಾರ್ಕಳದಿಂದ ಒಬ್ಬರ ಮೊಮ್ಮಗಳು, ಥಾಣೆಯಿಂದ ಒಬ್ಬರು "ನಮ್ಮ ಮಾವನವರ ಟ್ರಂಕಿನಲ್ಲಿ ಸಿಕ್ಕಿತು" ಅಂತ. ಮಾಸ್ಟ್ರು 2016ರಲ್ಲಿ ತೀರಿಕೊಂಡರು. ಕೊನೆಯ ಏಪ್ರಿಲಿನಲ್ಲೂ ಚೆಕ್ ಬಂದಿತ್ತು. ಅದನ್ನು ಬ್ಯಾಂಕಿಗೆ ಹಾಕಲಿಲ್ಲ, ನನ್ನ ಡ್ರಾಯರಿನಲ್ಲಿದೆ.

ಇವತ್ತಿಗೆ ಆ 37ರ ಮೇಲೆ 68 ಫೋಟೋ ಬಂದಿವೆ. ಇನ್ನೂ 109 ಚೌಕ ಖಾಲಿ.

ಈಗ ನನ್ನ ಚಾಳು ಚಿಕ್ಕದು. ಜನಕ್ಕೆ ಫೇಸ್‌ಬುಕ್ ಪುಟವೇ ಸಾಕಾಗಿದೆ, ಹನ್ನೊಂದು ಸೈಟು ಉಳಿದಿವೆ. ಪ್ರತಿ ಸೈಟಿನ ಪಿಎಚ್‌ಪಿ ಬೇರೆ ಬೇರೆ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ, ಒಬ್ಬರ ಕಿಟಕಿ ಇನ್ನೊಬ್ಬರಿಗೆ ಕಾಣುವುದಿಲ್ಲ. ಬ್ಯಾಕಪ್ ಮೂರು ಕಡೆ. ಒಂದು ಸರ್ವರಿನಲ್ಲಿ, ಒಂದು ಬೇರೆ ಕಂಪೆನಿಯ ಬೇರೆ ದೇಶದ ಡಿಸ್ಕಿನಲ್ಲಿ, ಅದರ ಕೀಲಿ ಸರ್ವರಿಗೆ ಗೊತ್ತಿಲ್ಲ. ಇನ್ನೊಂದು ನಮ್ಮ ಮನೆಯ ಕಪಾಟಿನಲ್ಲಿ, ಬ್ಯಾಕಪ್ ಮುಗಿದ ಕೂಡಲೇ ವೈರ್ ಕಿತ್ತಿಡುವ ಡಿಸ್ಕು. ಮತ್ತೆ ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೇ ಈ ತಿಂಗಳ ಪೂಜೆ. ಕರ್ನೆಲ್ ಹೊಸದು ಬಂದರೆ ಅವತ್ತು ರಾತ್ರಿಯೇ ರೀಬೂಟ್. ನನ್ನ ಸರ್ವರ್ ಈಗ ನಲವತ್ತು ದಿನ ಮೀರಿ ಓಡಿದ್ದಿಲ್ಲ, ಆ ಬಗ್ಗೆ ನಾಚಿಕೆಯೂ ಇಲ್ಲ.

ಮೊನ್ನೆ ಭಾನುವಾರ ಹತ್ತು ಸೈಟು ತೆರೆದು ನೋಡಿ, ಯಾವಾಗಿನಂತೆ ಮಾಸ್ಟ್ರದ್ದನ್ನು ಕೊನೆಗೆ ತೆರೆದೆ. 214 ಚೌಕಗಳನ್ನು ಮೇಲಿಂದ ಕೆಳಗೆ ಎಣಿಸಿಕೊಂಡು ಬಂದೆ. ಎಲ್ಲ ಇದ್ದವು, ಖಾಲಿಯವೂ.

"ಆಯ್ತಾ ಪೂಜೆ?" ಅಂತ ಒಳಗಿಂದ ಕೇಳಿಸಿತು.

"ಆಯ್ತು, ಹಾಜರಿ ಸರಿ ಇದೆ" ಅಂದೆ. ಕಾವಲಿಗೆ ನೀರು ಚಿಮುಕಿಸಿದ ಚುರ್ ಸದ್ದು ಬಂತು.

ಅಂದ ಹಾಗೆ, ನಿಮ್ಮ ಮನೆಯಲ್ಲಿ ಯಾರಾದರೂ ಹಿರಿಯರು ಮುಂಬಯಿಯ ರಾತ್ರಿ ಶಾಲೆಯಲ್ಲಿ ಓದಿದ್ದರೆ, ಹಳೆ ಟ್ರಂಕು ಒಮ್ಮೆ ತೆಗೆದು ನೋಡಿ. ಫೋಟೋ ಸಿಕ್ಕಿದರೆ ಮೊದಲು ನಿಮಗೇ ಅಂತ ಒಂದು ಪ್ರತಿ ಇಟ್ಟುಕೊಳ್ಳಿ. ನನಗೆ ಆಮೇಲೆ ಕಳಿಸಿದರೆ ಸಾಕು.